ರೆಕಾರ್ಡ್ ತಿರುಗಿಸಿ ಹಾಕಿದರೆ ಫ್ರಿಡಾ

ಸ್ವೀಡನ್ನಿನ ನಾಲ್ವರ ಪಾಪ್ ತಂಡ ಅಬ್ಬಾದ ಹೆಸರು ಹೇಳಿದ ಕೂಡಲೇ ಎಲ್ಲರ ಬಾಯಿಗೆ ಬರುವುದು ಅದೇ ನಾಲ್ಕಾರು ಹಾಡು. ಡ್ಯಾನ್ಸಿಂಗ್ ಕ್ವೀನ್, ಮಮ್ಮಾ ಮಿಯಾ, ಫರ್ನಾಂಡೋ, ಮನಿ ಮನಿ ಮನಿ. ಇಂಗ್ಲಿಷ್ ಹಾಡು ಅಷ್ಟಾಗಿ ಕೇಳದವರಿಗೂ ಈ ಟ್ಯೂನ್‌ಗಳು ಗೊತ್ತು. ಆರ್.ಡಿ. ಬರ್ಮನ್ 1977ರ 'ಹಮ್ ಕಿಸೀಸೆ ಕಮ್ ನಹೀಂ' ಚಿತ್ರದ 'ಮಿಲ್ ಗಯಾ' ಹಾಡಿಗೆ ಮಮ್ಮಾ ಮಿಯಾದ ಧಾಟಿಯನ್ನೇ ತಂದಿದ್ದರಿಂದ, ಅಬ್ಬಾ ಅಂದರೇನು ಅಂತ ಗೊತ್ತಿಲ್ಲದವರೂ ಅದನ್ನು ಗುನುಗಿದ್ದಾರೆ.

ಈ ನಾಲ್ಕಾರು ಹಾಡನ್ನು ದಾಟಿ ಮುಂದೆ ಹೋಗುವವರು 'ಅಬ್ಬಾ ಗೋಲ್ಡ್' ಕೇಳುತ್ತಾರೆ. 1992ರಲ್ಲಿ ಬಂದ ಈ ಹಿಟ್ ಹಾಡುಗಳ ಸಂಕಲನ ಜಗತ್ತಿನ ತುಂಬ ಮಾರಾಟವಾಯಿತು, ಇವತ್ತಿಗೂ ಆಗುತ್ತಿದೆ. ಅದರಲ್ಲಿ 19 ಹಾಡುಗಳಿವೆ. ಒಂದೊಂದೂ ಚಿನ್ನವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಿಯನ್ನು ಸ್ವಲ್ಪ ಗಮನವಿಟ್ಟು ನೋಡಿ. ತಂಡದ 1981ರ ಆಲ್ಬಮ್ 'ದಿ ವಿಸಿಟರ್ಸ್'ನಿಂದ ಇರುವುದು 'ಒನ್ ಆಫ್ ಅಸ್' ಒಂದೇ. 1982ರಲ್ಲಿ ರೆಕಾರ್ಡ್ ಆದದ್ದು ಒಂದೂ ಇಲ್ಲ. ಅಂದರೆ ತಂಡ ಬೇರೆಯಾಗುವ ಮೊದಲಿನ ಕೊನೆಯ ಎರಡು ವರ್ಷ ಆ ಸಂಕಲನದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನನಗೆ ಅಬ್ಬಾ ಅಂದರೆ ಮುಖ್ಯವಾಗಿ ಆ ಎರಡು ವರ್ಷ. ಅದರಲ್ಲೂ ಆ ಎರಡು ವರ್ಷದ ಸಿಂಗಲ್‌ಗಳ ಹಿಂಬದಿ, ಅಲ್ಲಿ ಹಾಡುವ ಫ್ರಿಡಾ, ತಂಡದ ಇಬ್ಬರು ಗಾಯಕಿಯರಲ್ಲಿ ಒಬ್ಬಳು.

ಕ್ಯಾಸೆಟ್ ಕಾಲದವರಿಗೆ ಎ ಸೈಡ್, ಬಿ ಸೈಡ್ ಅಂದರೆ ಗೊತ್ತು. ಆದರೆ ಕ್ಯಾಸೆಟ್‌ನಲ್ಲಿ ಎರಡೂ ಕಡೆಗೆ ಒಂದೇ ಬೆಲೆ. 7 ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಸಿಂಗಲ್ ರೆಕಾರ್ಡಿನಲ್ಲಿ ಹಾಗಲ್ಲ. ಒಂದು ಕಡೆ ಒಂದು ಹಾಡು, ಇನ್ನೊಂದು ಕಡೆ ಇನ್ನೊಂದು. ಎ ಸೈಡ್ ಅಂದರೆ ರೇಡಿಯೊಗೆ ಕಳಿಸುವ ಹಾಡು, ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೇಲೇರಬೇಕಾದ ಹಾಡು. ಬಿ ಸೈಡ್ ಅಂದರೆ ಖಾಲಿ ಬಿಡಬಾರದು ಅಂತ ಹಾಕಿದ್ದು. ಫಿಲ್ ಸ್ಪೆಕ್ಟರ್ ಅಂಥ ನಿರ್ಮಾಪಕ ಅಮೆರಿಕದಲ್ಲಿ ಬಿ ಸೈಡಿಗೆ ವಾದ್ಯದವರು ಸುಮ್ನೆ ನುಡಿಸಿದ ಏನೋ ಒಂದು ತುಣುಕನ್ನು ಹಾಕುತ್ತಿದ್ದ. ರೇಡಿಯೊದವರು ಅಪ್ಪಿತಪ್ಪಿಯೂ ಅದನ್ನು ಹಾಕಬಾರದು, ಮುಂಬದಿಯನ್ನೇ ಹಾಕಬೇಕು ಅನ್ನುವುದು ಅವನ ಲೆಕ್ಕಾಚಾರ. ಹಾಡು ಬರೆದವರಿಗೆ ಮಾತ್ರ ಎರಡೂ ಬದಿಯಿಂದ ಸಮನಾಗಿ ದುಡ್ಡು ಬರುತ್ತಿತ್ತು. ಹಾಗಾಗಿ ಬಿ ಸೈಡ್ ಹಾಡಿಗೆ ಹೆಸರಿರಲಿಲ್ಲ, ಸಂಬಳ ಇತ್ತು!

ಅಬ್ಬಾದ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಅವರ ಹತ್ತಿರ ಮಿಕ್ಕ ಹಾಡುಗಳೇ ಇರುತ್ತಿರಲಿಲ್ಲ. 1973ರಿಂದ 1981ರವರೆಗೆ ಎಂಟು ಆಲ್ಬಮ್, ಎಲ್ಲ ಸೇರಿಸಿ ನೂರರ ಆಸುಪಾಸು ಹಾಡು. ತಂಡಕ್ಕೆ ಹಾಡು ಕಟ್ಟುತ್ತಿದ್ದ ಬ್ಯೋರ್ನ್ ಉಲ್ವೇಯಸ್ ಮತ್ತು ಬೆನ್ನಿ ಆಂಡರ್ಸನ್ ಸ್ಟಾಕ್‌ಹೋಮ್ ಹತ್ತಿರದ ವಿಗ್‌ಸೋ ಅನ್ನುವ ಪುಟ್ಟ ದ್ವೀಪಕ್ಕೆ ಹೋಗಿ, ಅಲ್ಲಿನ ಸಣ್ಣ ಮರದ ಮನೆಯಲ್ಲಿ ಒಂದು ಪಿಯಾನೊ, ಒಂದು ಗಿಟಾರ್ ಇಟ್ಟುಕೊಂಡು ಕೂರುತ್ತಿದ್ದರು. ದಿನಗಟ್ಟಲೆ ನುಡಿಸುವುದು, ಬೇಡ ಅನ್ನಿಸಿದ್ದನ್ನು ಅಲ್ಲೇ ಬಿಡುವುದು. ಉಳಿದದ್ದೇ ಕಡಿಮೆ. ಉಳಿದದ್ದರಲ್ಲಿ ಬಹಳಷ್ಟು ಆಲ್ಬಮ್‌ಗೆ ಬೇಕು. ಹಾಗಾಗಿ ಸಿಂಗಲ್ ಬಂದಾಗ ಹಿಂಬದಿಗೆ ಆಲ್ಬಮ್‌ನದೇ ಇನ್ನೊಂದು ಹಾಡು ಹಾಕಿಬಿಡುತ್ತಿದ್ದರು. ಡ್ಯಾನ್ಸಿಂಗ್ ಕ್ವೀನ್ ಹಿಂದೆ 'ದಟ್ಸ್ ಮಿ', ಎಸ್ಓಎಸ್ ಹಿಂದೆ 'ಮ್ಯಾನ್ ಇನ್ ದಿ ಮಿಡಲ್', ಮಮ್ಮಾ ಮಿಯಾ ಹಿಂದೆ 'ಇಂಟರ್‌ಮೆಜೊ ನಂಬರ್ 1'. ಈ ಕೊನೆಯದರಲ್ಲಿ ಮಾತೇ ಇಲ್ಲ. ಬೆನ್ನಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್‌ನ ಧಾಟಿಯಲ್ಲಿ ಪಿಯಾನೊ ಮೇಲೆ ಓಡಾಡುತ್ತಾರೆ, ಹಿಂದೆ ರಾಕ್ ಡ್ರಮ್. ಒಂದು ಸಲ ಕೇಳಲು ಮಜಾ.

ಯಾವ ಆಲ್ಬಮ್‌ನಲ್ಲೂ ಇರದೆ, ಬಿ ಸೈಡ್‌ನಲ್ಲಿ ಮಾತ್ರ ಬಂದ ಹಾಡುಗಳು ಬೆರಳೆಣಿಕೆಯಷ್ಟು. ಶುರುವಿನವುಗಳ ಬಗ್ಗೆ ಹೆಚ್ಚು ಹೇಳುವುದಕ್ಕೆ ಇಲ್ಲ. 1976ರ ಮನಿ ಮನಿ ಮನಿ ಹಿಂದೆ 'ಕ್ರೇಜಿ ವರ್ಲ್ಡ್' ಇದೆ. ಎರಡು ವರ್ಷ ಹಿಂದೆ ಶುರು ಮಾಡಿ ಪಕ್ಕಕ್ಕಿಟ್ಟಿದ್ದ ಹಾಡು. ಪ್ರೇಯಸಿಯ ಮನೆಯಿಂದ ಬೆಳಿಗ್ಗೆ ಇನ್ನೊಬ್ಬ ಗಂಡಸು ಹೊರಬರುವುದನ್ನು ನೋಡಿ ಹುಡುಗ ಕುಸಿದುಹೋಗುತ್ತಾನೆ. ಕೊನೆಗೆ ನೋಡಿದರೆ ಅವನು ಅವಳ ಅಣ್ಣ. ಬ್ಯೋರ್ನ್ ಹಾಡಿದ್ದಾರೆ. ಕತೆ ಅಷ್ಟಕ್ಕಷ್ಟೇ. 1977ರ 'ಹ್ಯಾಪಿ ಹವಾಯಿ' ಅಂತೂ 'ಅರೈವಲ್' ಆಲ್ಬಮ್‌ನ ಇನ್ನೊಂದು ಹಾಡಿನ ಹಳೇ ರೂಪ. ಅದೇ ಟ್ಯೂನು, ಬೇರೆ ಮಾತು. 1978ರಲ್ಲಿ 'ಸಮ್ಮರ್ ನೈಟ್ ಸಿಟಿ' ಬಂದಾಗ ಹಿಂಬದಿಗೆ ಏನೂ ಇರಲಿಲ್ಲ. ಮೂರು ವರ್ಷ ಹಿಂದೆ ಜರ್ಮನಿಯ ಒಂದು ಸಹಾಯಾರ್ಥ ರೆಕಾರ್ಡಿಗೆ ಹಾಡಿಕೊಟ್ಟಿದ್ದ ಅಮೆರಿಕದ ಜನಪದ ಹಾಡುಗಳನ್ನು ಒಂದಕ್ಕೊಂದು ಹೆಣೆದ ಮೆಡ್ಲಿಯನ್ನೇ ಹುಡುಕಿ ತೆಗೆದು ಅಂಟಿಸಿದರು. ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾಗುತ್ತಿದ್ದ ತಂಡಗಳಲ್ಲಿ ಒಂದು, ಆದರೂ ಮನೆಯಲ್ಲಿ ಇನ್ನೊಂದು ಹಾಡಿಲ್ಲ! ನನಗೆ ಅದು ಅವರ ಮೇಲಿನ ಗೌರವವನ್ನು ಜಾಸ್ತಿ ಮಾಡುತ್ತದೆ.

1979ರ ಚಿಕಿತೀತಾ ಹಿಂದಿನ 'ಲವ್‌ಲೈಟ್'ನಿಂದ ಈ ಬಿ ಸೈಡ್‌ಗಳ ಮಟ್ಟ ಏರುತ್ತದೆ. ಮುಂಬದಿಯಲ್ಲಿ ಗೆಳತಿಗೆ ಸಮಾಧಾನ ಹೇಳುವ ನಿಧಾನದ ಹಾಡು, ಹಿಂಬದಿಯಲ್ಲಿ ಮೈತುಂಬ ಉಲ್ಲಾಸದ ಹಾಡು. ಯಾವ ಆಲ್ಬಮ್‌ನಲ್ಲಿ ಹಾಕಿದ್ದರೂ ಅದು ನಿಲ್ಲುತ್ತಿತ್ತು. 1980ರ 'ದಿ ವಿನ್ನರ್ ಟೇಕ್ಸ್ ಇಟ್ ಆಲ್' ಹಿಂದಿನ 'ಇಲೇನ್' ಕೂಡ ಹಾಗೇ. ಆ ಹೊತ್ತಿಗೆ ಸಿಂಥಸೈಸರ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡ್ ಅವರ ಕೈಗೆ ಚೆನ್ನಾಗಿ ಕೂತಿತ್ತು.

ಬಿ ಸೈಡ್ ಬಿಟ್ಟು ಆಲ್ಬಮ್‌ಗಳ ಒಳಗಿನ ಹಾಡುಗಳಿಗೆ ಬಂದರೆ ಕತೆ ಇನ್ನೂ ದೊಡ್ಡದು. ಒಂದೆರಡನ್ನಾದರೂ ಹೇಳದಿದ್ದರೆ ಸಮಾಧಾನವಿಲ್ಲ. 1977ರ ಆಲ್ಬಮ್ ಶುರುವಾಗುವುದು 'ಈಗಲ್' ಹಾಡಿನಿಂದ. ಸುಮಾರು ಆರು ನಿಮಿಷದ ಹಾಡು. ಅದರ ಶಬ್ದ ಕಟ್ಟಿದವರು ಮೈಕಲ್ ಟ್ರೆಟೋ, ಅಬ್ಬಾದ ರೆಕಾರ್ಡಿಂಗ್ ಎಂಜಿನಿಯರ್. ಇವರನ್ನು ಐದನೇ ಸದಸ್ಯ ಅಂದರೂ ತಪ್ಪಿಲ್ಲ. 1973ರ 'ರಿಂಗ್ ರಿಂಗ್' ಹಾಡಿನಲ್ಲೇ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಮೇಲೆ ಹೇಳಿದ ಫಿಲ್ ಸ್ಪೆಕ್ಟರ್ ಒಂದು ಕೋಣೆಯಲ್ಲಿ ಒಂದು ಗುಂಪು ವಾದ್ಯದವರನ್ನು ಕೂಡಿಸಿ ದಪ್ಪನೆಯ ಶಬ್ದ ತೆಗೆಯುತ್ತಿದ್ದ. ಸ್ಟಾಕ್‌ಹೋಮ್‌ನಲ್ಲಿ ಅಷ್ಟು ಜನಕ್ಕೆ ದುಡ್ಡೆಲ್ಲಿ? ಟ್ರೆಟೋ ಇದ್ದ ನಾಲ್ಕೈದು ಜನರ ಕೈಲೇ ಅದೇ ಹಾಡನ್ನು ಎರಡು ಸಲ ನುಡಿಸಿದರು. ಎರಡನೇ ಸಲ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಾಯಿಸಿದರು. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಶ್ರುತಿಯಲ್ಲಿ ಅಷ್ಟೇ ಅಷ್ಟು ವ್ಯತ್ಯಾಸ, ಶಬ್ದ ಒಮ್ಮೆಲೇ ಅಗಲವಾಗುತ್ತದೆ. 'ಈಗಲ್' ಅನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಎಷ್ಟು ಪದರ ಅಂತ ಎಣಿಸಲು ಹೋದರೆ ಲೆಕ್ಕ ತಪ್ಪುತ್ತದೆ. ಆ ಹಾಡಿಗೆ ಅಷ್ಟು ಜಾಗ ಬೇಕು, ಯಾಕೆಂದರೆ ಅದು ಹಾರುವುದರ ಬಗ್ಗೆ.

ಅದೇ ಆಲ್ಬಮ್‌ನ ಕೊನೆಯ ಹಾಡು 'ಐಯಾಮ್ ಎ ಮ್ಯಾರಿಯೊನೆಟ್'. 1977ರ ಪ್ರವಾಸದಲ್ಲಿ ತಂಡ ವೇದಿಕೆ ಮೇಲೆ ಒಂದು ಪುಟ್ಟ ಸಂಗೀತ ನಾಟಕ ಆಡುತ್ತಿತ್ತು. ಹಳ್ಳಿಯ ಹುಡುಗಿಯೊಬ್ಬಳು ಹೆಸರು ಮಾಡಲು ಊರು ಬಿಟ್ಟು ಹೋಗಿ, ಹೆಸರಿನ ಕೈಯಲ್ಲೇ ಸಿಕ್ಕಿಹಾಕಿಕೊಳ್ಳುವ ಕತೆ. ತಂಡದ ಇನ್ನೊಬ್ಬ ಗಾಯಕಿ ಅಗ್ನೆತಾ ಮತ್ತು ಫ್ರಿಡಾ ಇಬ್ಬರೂ ಒಂದೇ ಥರದ ಬಟ್ಟೆ, ಒಂದೇ ಥರದ ಹೊಂಬಣ್ಣದ ವಿಗ್ ಹಾಕಿಕೊಂಡು ಅದೇ ಹುಡುಗಿಯಾಗುತ್ತಿದ್ದರು. ಈ ಹಾಡಿನಲ್ಲಿ ಆ ಹುಡುಗಿ ತಾನು ಸೂತ್ರದ ಗೊಂಬೆ, ಯಾರೋ ದಾರ ಎಳೆಯುತ್ತಿದ್ದಾರೆ ಅನ್ನುತ್ತಾಳೆ. ತಾಳ ಸೆಟೆದುಕೊಂಡು ನಡೆಯುತ್ತದೆ, ತಂತಿವಾದ್ಯಗಳು ಹೆದರಿಸುತ್ತವೆ. ಸ್ವೀಡನ್ನಿನದೇ ಹೆವಿ ಮೆಟಲ್ ತಂಡ 'ಘೋಸ್ಟ್' 2013ರಲ್ಲಿ ಇದನ್ನು ಹಾಡಿತು. ಅವರು ಹೆಚ್ಚೇನೂ ಬದಲಾಯಿಸಬೇಕಾಗಿ ಬರಲಿಲ್ಲ. ಕತ್ತಲೆ ಮೊದಲೇ ಇತ್ತು. ಇಂಥ ಹಾಡನ್ನು 'ಟೇಕ್ ಎ ಚಾನ್ಸ್ ಆನ್ ಮಿ' ಅನ್ನುವ ನಗುನಗುತ್ತ ಕುಣಿಯುವ ಹಾಡಿನ ಹಿಂಬದಿಗೆ ಹಾಕಿದ್ದರು. ಮನೆಗೆ ತಂದು ರೆಕಾರ್ಡ್ ತಿರುಗಿಸಿ ಹಾಕಿದ ಮಕ್ಕಳು ಬೆಚ್ಚಿಬಿದ್ದಿರಬೇಕು.

1979ರ 'ವೂಲೆ ವೂ' ಆಲ್ಬಮ್‌ನ 'ಇಫ್ ಇಟ್ ವಾಸಂಟ್ ಫಾರ್ ದಿ ನೈಟ್ಸ್' ಹಾಡಿಗೆ ಆದದ್ದು ನಿಜಕ್ಕೂ ಅನ್ಯಾಯ. ಅದೇ ಮುಂದಿನ ಸಿಂಗಲ್ ಅಂತ ತೀರ್ಮಾನವಾಗಿತ್ತು. ಟಿವಿಯಲ್ಲಿ ಹಾಡಿಯೂ ಆಗಿತ್ತು. ಅಷ್ಟರಲ್ಲಿ ಚಿಕಿತೀತಾ ತಯಾರಾಯಿತು, ಇದು ಮೂಲೆಗುಂಪಾಯಿತು. ಹಗಲು ಹೇಗೋ ಕಳೆಯುತ್ತದೆ, ಕೆಲಸ ಇದೆ, ಓಡಾಟ ಇದೆ, ರಾತ್ರಿಯೊಂದು ಇಲ್ಲದಿದ್ದರೆ ಬದುಕಿಬಿಡುತ್ತಿದ್ದೆ ಅನ್ನುವುದು ಹಾಡಿನ ಮಾತು. ತಾಳ ಮಾತ್ರ ಪಕ್ಕಾ ಡಿಸ್ಕೊ. ಬ್ಯೋರ್ನ್ ಮತ್ತು ಅಗ್ನೆತಾ ಮನೆ ಮುರಿದದ್ದು 1978ರ ಕ್ರಿಸ್‌ಮಸ್ ಹೊತ್ತಿಗೆ. ಅದು ಗೊತ್ತಿದ್ದು ಕೇಳಿದರೆ ಕುಣಿಯಲು ಕಾಲು ಏಳುವುದಿಲ್ಲ.

ಇನ್ನು ನಾನು ಹೇಳಬೇಕು ಅಂತ ಕೂತ ವಿಷಯ.

1981ರ ಕೊನೆಯಿಂದ 1982ರವರೆಗಿನ ಮೂರು ಸಿಂಗಲ್ ತೆಗೆದುಕೊಳ್ಳಿ. 'ಒನ್ ಆಫ್ ಅಸ್', 'ಹೆಡ್ ಓವರ್ ಹೀಲ್ಸ್', 'ದಿ ಡೇ ಬಿಫೋರ್ ಯು ಕೇಮ್'. ಮೂರರಲ್ಲೂ ಮುಂಬದಿಯಲ್ಲಿ ಅಗ್ನೆತಾ ಫೆಲ್ಟ್‌ಸ್ಕೂಗ್ ಮುಖ್ಯ ಗಾಯಕಿ. ತಿರುಗಿಸಿ ಹಾಕಿ. 'ಶುಡ್ ಐ ಲಾಫ್ ಆರ್ ಕ್ರೈ', 'ದಿ ವಿಸಿಟರ್ಸ್', 'ಕಸ್ಸಾಂಡ್ರಾ'. ಮೂರರಲ್ಲೂ ಫ್ರಿಡಾ. ಯಾರೂ ಹೀಗೇ ಇರಲಿ ಅಂತ ಕೂತು ಯೋಜನೆ ಮಾಡಿದ್ದಲ್ಲ ಅಂತಲೇ ನನ್ನ ಭಾವನೆ. ರೇಡಿಯೊದಲ್ಲಿ ಅಗ್ನೆತಾಳ ದನಿಗೆ ಜನ ಸೋತುಹೋಗಿದ್ದರು. ಅಳು ಗಂಟಲಲ್ಲಿ ಇನ್ನೇನು ಒಡೆಯುತ್ತದೆ ಅನ್ನುವ ಹಂತದಲ್ಲಿ ಹಿಡಿದು ನಿಲ್ಲಿಸುವ ದನಿ ಅದು. ವಿನ್ನರ್ ಟೇಕ್ಸ್ ಇಟ್ ಆಲ್ ಗೆದ್ದ ಮೇಲೆ ಅದೇ ಮುಂದೆ ಬರುವುದು ಸಹಜ. ಫ್ರಿಡಾಳ ದನಿ ಒಂದು ಮೆಟ್ಟಿಲು ಕೆಳಗೆ, ತುಸು ಗಾಢ. ಅವಳು ಅಳುವುದಿಲ್ಲ. ನೋಡುತ್ತಾಳೆ, ನೋಡಿದ್ದನ್ನು ಹೇಳುತ್ತಾಳೆ. ಹದಿಮೂರನೇ ವಯಸ್ಸಿನಿಂದ ಡ್ಯಾನ್ಸ್ ಬ್ಯಾಂಡ್‌ಗಳಲ್ಲಿ, ಜಾಸ್ ಹಾಡುಗಳಲ್ಲಿ ಪಳಗಿದ ಗಂಟಲು ಅದು. ಫರ್ನಾಂಡೋ, ನೋಯಿಂಗ್ ಮಿ ನೋಯಿಂಗ್ ಯು ಹಾಡಿದವಳೂ ಅವಳೇ. ಆದರೆ ವಯಸ್ಸು ಮೂವತ್ತೈದು ದಾಟಿದ ಮೇಲಿನ ಫ್ರಿಡಾಳನ್ನು ಬಹಳ ಜನ ಕೇಳಿಯೇ ಇಲ್ಲ. ಅವಳಿರುವುದು ಹಿಂಬದಿಯಲ್ಲಿ.

'ಶುಡ್ ಐ ಲಾಫ್ ಆರ್ ಕ್ರೈ' ಮೊದಲು. ರಾತ್ರಿ, ಮಲಗುವ ಕೋಣೆ. ಗಂಡ ಮಂಚದ ಪಕ್ಕ ನಿಂತು ಕೂಗಾಡುತ್ತಿದ್ದಾನೆ. ತನ್ನನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಅಂತ ಅವನ ಹಟ. ಹೆಂಡತಿ ಮಲಗಿದಲ್ಲಿಂದಲೇ ಅವನನ್ನು ನೋಡುತ್ತಾಳೆ. ಅವನು ಹಾಕಿಕೊಂಡಿರುವುದು ಪಟ್ಟೆಪಟ್ಟೆಯ ಪೈಜಾಮ, ಅವಳೇ ತಂದುಕೊಟ್ಟದ್ದು. ಕಾಲು ಗಿಡ್ಡವಾಗಿದೆ. ಅವನು ತನ್ನ ಜೀವನ ಸಿದ್ಧಾಂತ ಹೇಳುತ್ತಲೇ ಇದ್ದಾನೆ, ಇನ್ನಷ್ಟು ಎತ್ತರ ಕಾಣಲಿ ಅಂತ ತುದಿಗಾಲಲ್ಲಿ ನಿಲ್ಲುತ್ತಾನೆ. ಅವಳಿಗೆ ಕಾಣುವುದು ಒಂದು ದೊಡ್ಡ ಬಲೂನು. ನಗಬೇಕೋ ಅಳಬೇಕೋ?

ಮಾತು ಬರೆದವರು ಬ್ಯೋರ್ನ್. ಒಬ್ಬ ಗಂಡಸು ಕೂತು, ಹೆಣ್ಣಿನ ಕಣ್ಣಲ್ಲಿ ಗಂಡಸು ಹೇಗೆ ಕಾಣುತ್ತಾನೆ ಅಂತ ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದದ್ದು ಪಾಪ್ ಹಾಡಿನಲ್ಲಿ ಅಪರೂಪ. ಆ ಗಿಡ್ಡ ಪೈಜಾಮ ಒಂದೇ ಸಾಕು, ಇಡೀ ಸಂಸಾರ ಕಣ್ಣಿಗೆ ಕಟ್ಟುತ್ತದೆ. ಎರಡನೇ ಚರಣದಲ್ಲಿ ಅವಳು ಹೇಳುವ ಮಾತು ಇನ್ನೂ ಚುಚ್ಚುತ್ತದೆ. ಮೊದಲು ನೋವಾಗುತ್ತಿದ್ದ ಜಾಗದಲ್ಲಿ ಈಗ ನೋವೂ ಇಲ್ಲ, ತಾನು ಕಲ್ಲಾಗಿಬಿಟ್ಟಿದ್ದೇನೆ ಅನ್ನುತ್ತಾಳೆ. ಫ್ರಿಡಾ ಇದನ್ನು ಹಾಡುವ ರೀತಿ ಗಮನಿಸಿ. ಕೋಪವಿಲ್ಲ, ವ್ಯಂಗ್ಯವೂ ಕಡಿಮೆ. ದಣಿವು ಇದೆ. ಅವಳು ಮತ್ತು ಬೆನ್ನಿ ಬೇರೆಯಾಗುತ್ತಿರುವ ಸುದ್ದಿ 1981ರ ಫೆಬ್ರವರಿಯಲ್ಲೇ ಹೊರಬಂದಿತ್ತು. ಕೀಬೋರ್ಡ್ ಮುಂದೆ ಕೂತವರು ಅದೇ ಬೆನ್ನಿ. ಈ ಹಾಡು ಅವರಿಬ್ಬರ ಕತೆ ಅಂತ ನಾನು ಹೇಳುತ್ತಿಲ್ಲ. ಅಂಥ ಕೋಣೆಯಲ್ಲಿ, ಅಂಥ ಹೊತ್ತಲ್ಲಿ ಇದನ್ನು ಹಾಡಿ ಮುಗಿಸಿದ ಕಸುಬಿನ ಶಿಸ್ತಿಗೆ ಕೈಮುಗಿಯಬೇಕು. ಅವರಿಬ್ಬರ ಬೇರ್ಪಡೆಯನ್ನೇ ಕುರಿತ ಹಾಡು 'ವೆನ್ ಆಲ್ ಈಸ್ ಸೆಡ್ ಅಂಡ್ ಡನ್'. ಅದನ್ನೂ ಫ್ರಿಡಾ ಹಾಡಿದ್ದಾಳೆ. ಅಮೆರಿಕದಲ್ಲಿ ಅದು ಸಿಂಗಲ್ ಆಗಿ ಬಂತು, ಅಲ್ಲೂ ಹಿಂಬದಿಗೆ ಇದೇ ಪೈಜಾಮದ ಹಾಡು. ಅಲ್ಲಿನ ಕೇಳುಗರಿಗೆ ಒಂದೇ ರೆಕಾರ್ಡಿನ ಎರಡೂ ಬದಿಯಲ್ಲಿ ಫ್ರಿಡಾ ಸಿಕ್ಕಿದಳು.

'ದಿ ವಿಸಿಟರ್ಸ್' ಹಾಡಿನ ಬಗ್ಗೆ ಬರೆಯುವುದು ಕಷ್ಟ, ಯಾಕೆಂದರೆ ನನಗೆ ಅದು ಅಷ್ಟು ಇಷ್ಟ. ಶುರುವಿನಲ್ಲಿ ತಾಳವೇ ಇಲ್ಲ. ಕೆಳಗೆ ಒಂದು ಸಿಂಥಸೈಸರ್ ತಂಬೂರಿಯ ಹಾಗೆ ಒಂದೇ ಶ್ರುತಿ ಹಿಡಿದು ನಿಂತಿದೆ. ಅದರ ಮೇಲೆ ಫ್ರಿಡಾಳ ದನಿ ಗೋಡೆಯಾಚೆಯಿಂದ ಬಂದ ಹಾಗೆ, ಆ ಕಡೆ ಈ ಕಡೆ ಓಲಾಡುತ್ತ ಬರುತ್ತದೆ. ಬಾಗಿಲ ಗಂಟೆ ಬಾರಿಸಿದ ಸದ್ದು ಕೇಳಿ ಒಬ್ಬಳು ನಿಂತಲ್ಲೇ ಮರಗಟ್ಟಿದ್ದಾಳೆ. ಸುತ್ತ ಅವಳು ಪ್ರೀತಿಯಿಂದ ಕೂಡಿಟ್ಟ ಪುಸ್ತಕ, ಚಿತ್ರ, ಪೀಠೋಪಕರಣ. ಗಂಟೆ ಮತ್ತೆ ಬಾರಿಸುತ್ತದೆ. ಯಾರೋ ಬಾಗಿಲ ಹಿಡಿ ತಿರುಗಿಸಿ ನೋಡುತ್ತಿದ್ದಾರೆ. ಗೆಳೆಯರಾಗಿದ್ದರೆ ಇಷ್ಟು ಅವಸರ ಮಾಡುತ್ತಿರಲಿಲ್ಲ. ಅಲ್ಲದೆ ಗೆಳೆಯರು ಈಗ ಈ ಕಡೆ ಬರುವ ಧೈರ್ಯವನ್ನೇ ಮಾಡುವುದಿಲ್ಲ. ಹಿಂದೆ ಇದೇ ಕೋಣೆಯಲ್ಲಿ ಎಲ್ಲರೂ ಕೂಡಿ ಪಿಸುದನಿಯಲ್ಲಿ ಮಾತಾಡುತ್ತಿದ್ದರು, ನಗುತ್ತಿದ್ದರು. ಇಲ್ಲಿಯವರೆಗೆ ಸುಮ್ಮನಿದ್ದ ಡ್ರಮ್ ಈಗ ಒಮ್ಮೆಲೇ ನುಗ್ಗುತ್ತದೆ, ಪಲ್ಲವಿ ಶುರುವಾಗುತ್ತದೆ. ಅವಳ ಬುದ್ಧಿ ಕೈಕೊಡುತ್ತಿದೆ. ಕೇಳುವವರ ಕಾಲು ಮಾತ್ರ ತಾಳ ಹಾಕುತ್ತಿದೆ.

ಸೋವಿಯತ್ ದೇಶದಲ್ಲಿ ಸರ್ಕಾರದ ವಿರುದ್ಧ ಮಾತಾಡಿದವರನ್ನು ನೆನೆದು ಬರೆದ ಹಾಡು ಅಂತ ಬ್ಯೋರ್ನ್ ಆಮೇಲೆ ಹೇಳಿದ್ದಾರೆ. ಸ್ವೀಡನ್ನಿನವರಿಗೆ ಆಗ ಇದು ದೂರದ ಮಾತಾಗಿರಲಿಲ್ಲ. 1981ರ ಅಕ್ಟೋಬರ್ ಕೊನೆಗೆ ಸೋವಿಯತ್ ಜಲಾಂತರ್ಗಾಮಿಯೊಂದು ಸ್ವೀಡನ್ನಿನ ನೌಕಾನೆಲೆ ಕಾರ್ಲ್ಸ್‌ಕ್ರೋನಾ ಹತ್ತಿರ ಬಂಡೆಗೆ ಸಿಕ್ಕಿಹಾಕಿಕೊಂಡಿತು. ದಿನಗಟ್ಟಲೆ ಇಡೀ ದೇಶ ಉಸಿರು ಬಿಗಿಹಿಡಿದಿತ್ತು. ಆಲ್ಬಮ್ ಬಂದದ್ದು ನವೆಂಬರ್ 30ಕ್ಕೆ. ಡಿಸೆಂಬರ್ 13ರಂದು ಪೋಲೆಂಡಿನಲ್ಲಿ ಮಿಲಿಟರಿ ಆಡಳಿತ ಘೋಷಣೆಯಾಯಿತು. ರಾತ್ರೋರಾತ್ರಿ ಬಾಗಿಲು ಬಡಿದು ಜನರನ್ನು ಹೊತ್ತೊಯ್ದರು. ಪಾಪ್ ಹಾಡೊಂದು ತನ್ನ ಕಾಲಕ್ಕೆ ಇಷ್ಟು ಹತ್ತಿರ ನಿಂತದ್ದು ಕಡಿಮೆ.

ಇನ್ನೂ ಒಂದು ವಿಷಯ ನನ್ನ ತಲೆಯಿಂದ ಹೋಗುವುದಿಲ್ಲ. ಫ್ರಿಡಾ ಹುಟ್ಟಿದ್ದು ನಾರ್ವೆಯಲ್ಲಿ, 1945ರ ನವೆಂಬರ್‌ನಲ್ಲಿ. ತಾಯಿ ನಾರ್ವೆಯವಳು, ತಂದೆ ಆ ದೇಶವನ್ನು ಆಕ್ರಮಿಸಿದ್ದ ಜರ್ಮನ್ ಸೇನೆಯವನು. ಯುದ್ಧ ಮುಗಿದ ಮೇಲೆ ಅಂಥ ಮಕ್ಕಳನ್ನೂ ತಾಯಂದಿರನ್ನೂ ಊರವರು ಹೇಗೆ ನೋಡಿಕೊಂಡರು ಅನ್ನುವುದು ಚರಿತ್ರೆಯಲ್ಲಿದೆ. ಅಜ್ಜಿ ಮಗುವನ್ನು ಎತ್ತಿಕೊಂಡು ಸ್ವೀಡನ್ನಿಗೆ ಬಂದಳು. ತಾಯಿ ಬೇಗ ತೀರಿಕೊಂಡಳು. ತಂದೆ ಬದುಕಿದ್ದಾನೆ ಅಂತ ಫ್ರಿಡಾಗೆ ಗೊತ್ತಾದದ್ದು 1977ರಲ್ಲಿ, ಜಗತ್ಪ್ರಸಿದ್ಧಳಾದ ಮೇಲೆ. ಬಾಗಿಲ ಆಚೆ ನಿಂತವರ ಭಯವನ್ನು ಹಾಡಲು ನಾಲ್ವರಲ್ಲಿ ಇವಳೇ ಸರಿ ಅಂತ ನನಗೆ ಅನ್ನಿಸುತ್ತದೆ. ಹಾಡಿನ ಕೊನೆಯ ಚರಣದಲ್ಲಿ ಅವಳು ಹೇಳುವುದೇನು ಗೊತ್ತಾ? ಇವರು ಬರುತ್ತಾರೆ ಅಂತ ನನಗೆ ಗೊತ್ತಿತ್ತು, ಕಾಯುತ್ತಲೇ ಇದ್ದೆ ಅನ್ನುತ್ತಾಳೆ.

ಇದನ್ನು 'ಹೆಡ್ ಓವರ್ ಹೀಲ್ಸ್' ಅನ್ನುವ ಹಗುರ ಹಾಡಿನ ಹಿಂಬದಿಗೆ ಹಾಕಿದರು. ಆ ಸಿಂಗಲ್ ಬ್ರಿಟನ್ನಿನಲ್ಲಿ 25ನೇ ಸ್ಥಾನಕ್ಕೆ ನಿಂತುಹೋಯಿತು. 1975ರಿಂದ ಅಲ್ಲಿ ಸತತವಾಗಿ ಮೊದಲ ಹತ್ತರಲ್ಲಿ ಇರುತ್ತಿದ್ದ ತಂಡಕ್ಕೆ ಅದು ಇಳಿಜಾರಿನ ಶುರು. ತಿರುಗಿಸಿ ಬಿಟ್ಟಿದ್ದರೆ ಏನಾಗುತ್ತಿತ್ತೋ! ಬಹುಶಃ ಪಟ್ಟಿಯಲ್ಲಿ ಇನ್ನೂ ಕೆಳಗೆ. ಆದರೂ ತಿರುಗಿಸಬೇಕಿತ್ತು.

ಆ ಆಲ್ಬಮ್‌ನ ಮುಖಪುಟ ನೋಡಿ. ಸ್ಟಾಕ್‌ಹೋಮ್‌ನ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ಚಿತ್ರಕಾರನೊಬ್ಬನ ಕೋಣೆ. ಮಬ್ಬು ಬೆಳಕು. ಗೋಡೆಯ ಮೇಲೆ ಪ್ರೇಮದೇವತೆಯ ದೊಡ್ಡ ಚಿತ್ರ. ನಾಲ್ವರೂ ದೂರದೂರ, ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಕೊನೆಯ ಹಾಡು 'ಲೈಕ್ ಆನ್ ಏಂಜೆಲ್ ಪಾಸಿಂಗ್ ಥ್ರೂ ಮೈ ರೂಮ್'. ಅಬ್ಬಾ ಅಂದರೆ ದನಿಯ ಮೇಲೆ ದನಿ ಪೇರಿಸುವವರು ಅಲ್ವಾ? ಇಲ್ಲಿ ಆ ಪೇರಿಸುವಿಕೆಯೇ ಇಲ್ಲ. ಗಡಿಯಾರದ ಟಿಕ್ ಟಿಕ್, ಬೆನ್ನಿಯ ಸಿಂಥಸೈಸರ್, ಫ್ರಿಡಾ ಒಬ್ಬಳೇ. ಅಷ್ಟು ಸರಳ ರೂಪಕ್ಕೆ ಬರುವ ಮೊದಲು ಈ ಟ್ಯೂನನ್ನು ಅವರು ಹೇಗೆಲ್ಲ ಮಾಡಿ ನೋಡಿದ್ದರು ಅಂತ 2012ರಲ್ಲಿ ಆಲ್ಬಮ್‌ನ ಹೊಸ ಆವೃತ್ತಿಯೊಂದಿಗೆ ಬಂದ ಡೆಮೊಗಳಲ್ಲಿ ಕೇಳಬಹುದು. ಡಿಸ್ಕೊ ತಾಳದಲ್ಲೂ ಒಂದು ಸಲ ಮಾಡಿದ್ದರು! ಎಲ್ಲವನ್ನೂ ಹೇರಿ, ಎಲ್ಲವನ್ನೂ ಕಿತ್ತು, ಕೊನೆಗೆ ಗಡಿಯಾರ ಮಾತ್ರ ಉಳಿಸಿಕೊಂಡರು.

'ಕಸ್ಸಾಂಡ್ರಾ' 1982ರದ್ದು. ಟ್ರಾಯ್ ನಗರದ ರಾಜಕುಮಾರಿ ಅವಳು. ಮುಂದೆ ಆಗುವುದನ್ನು ಕಾಣುವ ವರ ಅಪೊಲೊ ದೇವರಿಂದ ಸಿಕ್ಕಿದೆ, ಯಾರೂ ನಂಬದಿರಲಿ ಅನ್ನುವ ಶಾಪವೂ ಸಿಕ್ಕಿದೆ. ಈ ಹಾಡು ಅವಳ ಮಾತಲ್ಲ. ಅವಳನ್ನು ನಂಬದೆ ಹೋದ ಊರವರಲ್ಲಿ ಒಬ್ಬರ ಮಾತು. ಊರು ಸತ್ತರೂ ಬೀದಿಯಲ್ಲಿ ಜನ ಹಾಡುತ್ತ ಕೂಗುತ್ತ ನಾಚಿಕೆ ಮುಚ್ಚಿಕೊಳ್ಳುತ್ತಿದ್ದಾರೆ, ಅವಳು ಒಬ್ಬಳೇ ಹಾಸಿಗೆ ಮೇಲೆ ಅಳುತ್ತಿದ್ದಾಳೆ. ನಿನ್ನ ಮಾತು ಕೇಳಬೇಕು ಅಂತ ನಮ್ಮಲ್ಲಿ ಕೆಲವರಿಗೆ ಅನ್ನಿಸಿತ್ತು, ಆದರೆ ಯಾರೂ ಕೇಳಲಿಲ್ಲ, ಕ್ಷಮಿಸು ಅನ್ನುತ್ತಾರೆ. ಟ್ಯೂನ್ ಹಳೆಯ ಜನಪದ ಲಾವಣಿಯ ಥರ ಸಾಗುತ್ತದೆ. ಬೆನ್ನಿ ಚಿಕ್ಕಂದಿನಲ್ಲಿ ಅಪ್ಪ ಮತ್ತು ಅಜ್ಜನಿಂದ ಅಕಾರ್ಡಿಯನ್ ಕಲಿತವರು. ಆ ಮಣ್ಣಿನ ವಾಸನೆ ಇಲ್ಲಿ ಚೆನ್ನಾಗಿ ಬರುತ್ತದೆ.

ಇದರ ಮುಂಬದಿಯ 'ದಿ ಡೇ ಬಿಫೋರ್ ಯು ಕೇಮ್' ಬಗ್ಗೆ ಬೇರೆಯೇ ಬರೆಯಬೇಕು. ಇಲ್ಲಿ ಒಂದೇ ಮಾತು. ಅಗ್ನೆತಾ ತನ್ನ ದಿನಚರಿಯನ್ನು ಒಂದೇ ಸಮನೆ ಹೇಳುತ್ತ ಹೋಗುವಾಗ, ಹಿಂದೆ ಎಲ್ಲೋ ಎತ್ತರದಲ್ಲಿ ಮಾತಿಲ್ಲದ ಒಂದು ದನಿ ಏಳುತ್ತದೆ. ಆ ದನಿ ಫ್ರಿಡಾಳದು. ಈ ಸಿಂಗಲ್ ಬ್ರಿಟನ್ನಿನಲ್ಲಿ 32ಕ್ಕೆ ನಿಂತಿತು. ಈಗ ವಿಮರ್ಶಕರು ಅದನ್ನು ತಲೆಮೇಲೆ ಹೊತ್ತು ಮೆರೆಸುತ್ತಾರೆ. ಕಸ್ಸಾಂಡ್ರಾಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಮೂಲೆಗುಂಪಾದ ಹಾಡುಗಳು ಅಲ್ಲೇ ಉಳಿಯಬೇಕು ಅಂತೇನಿಲ್ಲ. 'ಥ್ಯಾಂಕ್ ಯು ಫಾರ್ ದಿ ಮ್ಯೂಸಿಕ್' ಮೊದಲು 'ಈಗಲ್' ಸಿಂಗಲ್‌ನ ಬಿ ಸೈಡ್ ಆಗಿತ್ತು ಅಂದರೆ ಇವತ್ತು ಯಾರು ನಂಬುತ್ತಾರೆ? 'ಹ್ಯಾಪಿ ನ್ಯೂ ಇಯರ್' 1980ರ ಆಲ್ಬಮ್‌ನ ಒಳಗೆ ಸುಮ್ಮನೆ ಕೂತಿತ್ತು. ಈಗ ವಿಯೆಟ್ನಾಮಿನಲ್ಲಿ ಅದಿಲ್ಲದೆ ಹೊಸ ವರ್ಷವೇ ಬರುವುದಿಲ್ಲ. ಮಗಳು ಶಾಲೆಗೆ ಹೋಗುವುದನ್ನು ನೋಡಿ ಬ್ಯೋರ್ನ್ ಬರೆದು ಅಗ್ನೆತಾ ಹಾಡಿದ 'ಸ್ಲಿಪಿಂಗ್ ಥ್ರೂ ಮೈ ಫಿಂಗರ್ಸ್', 'ಮಮ್ಮಾ ಮಿಯಾ!' ನಾಟಕ ಮತ್ತು 2008ರ ಸಿನಿಮಾದಿಂದಾಗಿ ಮನೆಮನೆಗೆ ಹೋಯಿತು. ಆದರೆ ಗಿಡ್ಡ ಪೈಜಾಮದ ಗಂಡನಿಗೆ ಆ ಸಿನಿಮಾದ ಗ್ರೀಸಿನ ದ್ವೀಪದ ಮದುವೆ ಮನೆಯಲ್ಲಿ ಜಾಗ ಎಲ್ಲಿದೆ? ಬಾಗಿಲು ಬಡಿಯುವ ಪೊಲೀಸರಿಗೆ? ಹಾಗಾಗಿ ಹಿಂಬದಿಯ ಫ್ರಿಡಾ ಹಿಂದೆಯೇ ಉಳಿದಳು. 2022ರವರೆಗೆ. ಆ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ 'ಅಬ್ಬಾ ವಾಯೇಜ್' ಶುರುವಾಯಿತು. ನಾಲ್ವರ ಎಳೆಯ ವಯಸ್ಸಿನ ಡಿಜಿಟಲ್ ರೂಪಗಳು ವೇದಿಕೆ ಮೇಲೆ ಹಾಡುವ ಪ್ರದರ್ಶನ. ಜನ ಬರುವುದು ಡ್ಯಾನ್ಸಿಂಗ್ ಕ್ವೀನ್‌ಗೆ. ಆದರೂ ತಂಡ ಮೊದಲ ಹಾಡಾಗಿ ಇಟ್ಟದ್ದು 'ದಿ ವಿಸಿಟರ್ಸ್'. ಎರಡನೆಯದು 1977ರ ಆಲ್ಬಮ್‌ನ 'ಹೋಲ್ ಇನ್ ಯುವರ್ ಸೋಲ್', ಅದೂ ಹಿಟ್ ಅಲ್ಲ. ಸುದ್ದಿ ಓದಿದಾಗ ನನಗೆ ನಮ್ಮ ಮನೆಯವರಿಗೇ ಬಹುಮಾನ ಬಂದಷ್ಟು ಖುಷಿಯಾಯಿತು.

ಮೇಲೆ ಹೇಳಿದ ಮೂರು ಸಿಂಗಲ್‌ಗಳ ಬೆನ್ನಿಗೆ ಬಂದ ಕೊನೆಯದು 'ಅಂಡರ್ ಅಟ್ಯಾಕ್', 1982ರ ಡಿಸೆಂಬರ್. ಹಿಂಬದಿಗೆ 'ಯು ಓ ಮಿ ಒನ್'. ಟಿಕಿಟಿಕಿ ಸಿಂಥಸೈಸರ್, ಹಗುರವಾದ ಹಾಡು. ನಾಲ್ಕು ಸಲ ಕೇಳಿದರೂ ಮನಸ್ಸಿಗೆ ಅಂಟುವುದಿಲ್ಲ. ಅದೇ ವರ್ಷ ರೆಕಾರ್ಡ್ ಮಾಡಿದ್ದ 'ಐ ಆಮ್ ದಿ ಸಿಟಿ' ಪೆಟ್ಟಿಗೆಯಲ್ಲೇ ಉಳಿದು 1993ರಲ್ಲಿ 'ಮೋರ್ ಅಬ್ಬಾ ಗೋಲ್ಡ್' ಮೂಲಕ ಹೊರಬಂತು. ನಗರವೇ ಮಾತಾಡುವ ಹಾಡು ಅದು. ಬೀದಿ, ಗದ್ದಲ, ಬೆಳಕು ಎಲ್ಲ ನಾನೇ ಅನ್ನುವ ಹಾಡು, ತುಂಬು ದನಿಯಲ್ಲಿ. ನನ್ನ ಕೈಯಲ್ಲಿದ್ದಿದ್ದರೆ ಹಿಂಬದಿಗೆ ಅದನ್ನೇ ಹಾಕುತ್ತಿದ್ದೆ. ಕಸ್ಸಾಂಡ್ರಾ ಕೂಡ ಅದೇ ಸಂಕಲನದಲ್ಲಿದೆ, ಲವ್‌ಲೈಟ್ ಕೂಡ. ಗೋಲ್ಡ್ ಕೇಳಿ ಮುಗಿಸಿದವರು ಅಲ್ಲಿಂದ ಶುರು ಮಾಡಬಹುದು.